ಹಾರಿಹೋದ ಜೇನು ಯಾರದು

ಕಪ್ಪು ಕೋಟಿನ ತೋಳಿನಲ್ಲಿ ಅಂಗಡಿಯ ಬೆಲೆಚೀಟಿಯ ದಾರ ಇನ್ನೂ ನೇತಾಡುತ್ತಿದೆ, ಕಾನೂನಿನ ಮೌಖಿಕ ಪರೀಕ್ಷೆಗೆಂದೇ ಕೊಂಡ ಕೋಟು, ಪಾಪ ಈ ಹುಡುಗಿ, ಇಮ್ಕೆ ಲೋರೆನ್ಸೆನ್, ಮೇಜಿನಾಚೆ ಕೂತ ನಾಲ್ವರು ಅಭ್ಯರ್ಥಿಗಳಲ್ಲಿ ಕೊನೆಯವಳು — ಪ್ರೊಫೆಸರ್ ವೆಂಡೆಲಿನ್ ಗ್ರೋಟ್ ಆ ದಾರವನ್ನೇ ನೋಡುತ್ತಿದ್ದಾರೆ, ತಮ್ಮ ಮೊದಲ ಕೋಟೂ ಹೀಗೇ ಹೊಸದು, ಕುತ್ತಿಗೆಗೆ ಚುಚ್ಚುತ್ತಿತ್ತು, ಆಮೇಲೆ ಡಾಕ್ಟರೇಟು, ಅದರ ಮೇಲೆ ಇನ್ನೊಂದು ದಪ್ಪ ಪ್ರಬಂಧ, ಅದಿಲ್ಲದೆ ಪ್ರೊಫೆಸರ್ ಪೀಠ ಯಾರಿಗೆ ಸಿಕ್ಕೀತು, ಊರೂರು ಅಲೆದು ಕೊನೆಗೆ ಗೋಟಿಂಗೆನ್ ವಿಶ್ವವಿದ್ಯಾಲಯದಿಂದ ಕರೆ ಬಂದಾಗ ಹೆಂಡತಿ ಗೆರ್ಲಿಂಡೆ ಅಂದದ್ದು, ಸದ್ಯ, ಇನ್ಮೇಲೆ ಕಿಟಕಿಗೆ ಪರದೆ ಹೊಲಿಸ್ಬಹುದು. ಇವತ್ತು ಕೊನೆಯ ಪರೀಕ್ಷೆ, ನಾಳೆಯಿಂದ ನಿವೃತ್ತಿ, ಬೆಳಿಗ್ಗೆ ಕಾಫಿ ಹೀರುತ್ತ ಪರೀಕ್ಷಾ ಮಂಡಳಿಯ ಅಧ್ಯಕ್ಷೆ, ಆ ನ್ಯಾಯಾಧೀಶೆ, ಕೆಣಕಿದ್ದರು, ಏನ್ ಪ್ರೊಫೆಸರೇ, ಇವತ್ತಾದ್ರೂ ಆ ಜೇನು ಬಿಡ್ತೀರೋ ಇಲ್ವೋ? ಹೇಗೆ ಬಿಡುವುದು, ಹೆಸರು ಅಂತ ಇರುವುದೇ ಅದೊಂದರಿಂದ — ಹಾರಿಹೋದ ಜೇನುಹಿಂಡನ್ನು ಬೆನ್ನಟ್ಟುವುದನ್ನು ಒಡೆಯ ಬಿಟ್ಟರೆ ಅದು ಯಾರದೂ ಅಲ್ಲ ಎನ್ನುತ್ತದೆ ಕಾನೂನು, ಬೇಲಿಯ ಬಳಿ ನಿಂತವನು ಬಿಟ್ಟವನಲ್ಲ, ಉಸಿರು ತೆಗೆದುಕೊಳ್ಳುತ್ತಿರುವವನು ಎನ್ನುತ್ತಾರೆ ಗ್ರೋಟ್, ಅವರೊಬ್ಬರೇ, ಮೂವತ್ತು ವರ್ಷದಿಂದ, ಎಲ್ಲ ಗ್ರಂಥಗಳ ಅಡಿಟಿಪ್ಪಣಿಯಲ್ಲೂ, ಗ್ರೋಟ್ ಮಾತ್ರ ಬೇರೆ ಹೇಳುತ್ತಾರೆ. ಪರೀಕ್ಷೆಗೆ ಬಂದವರು ಮಾತ್ರ ತಪ್ಪದೆ ಒಪ್ಪುತ್ತಾರೆ, ಹಿಂದಿನ ವರ್ಷದವರನ್ನು ವಿಚಾರಿಸಿಕೊಂಡೇ ಬಂದಿರುತ್ತಾರಲ್ಲ, ಗ್ರೋಟ್ ಬಂದ್ರೆ ಜೇನು, ಜೇನು ಬಂದ್ರೆ ಬೇಲಿ, ಹೂಂ ಅಂದ್ಬಿಡಿ — ಎಷ್ಟು ಜನ ಹೂಂ ಅಂದರು, ಒಬ್ಬರಾದರೂ ನಂಬಿದರೇ, ಅದೊಂದು ಗೊತ್ತಾಗದೆಯೇ ಮನೆಗೆ ಹೋಗಬೇಕೇ.

ಜೇನಿನ ಪ್ರಶ್ನೆ ಕೇಳಿಯೇಬಿಟ್ಟರು, ಬೇಲಿಯ ಬಳಿ ನಿಂತವನದೇ ಅಲ್ಲವೇ ಆ ಹಿಂಡು ಎಂದು. ಮೊದಲ ಮೂವರು ಹೂಂ ಅಂದರು, ಸರಾಗವಾಗಿ, ಬಾಯಿಪಾಠ, ಇವಳು ನೀರು ಕುಡಿದಳು, ಇಲ್ಲ ಪ್ರೊಫೆಸರೇ, ನಂಗೆ ಹಾಗನ್ಸಲ್ಲ. ಅಧ್ಯಕ್ಷೆಯ ಪೆನ್ನು ನಿಂತಿತು. ನಿಂತವನ ಮನಸ್ಸಲ್ಲಿ ಏನಿದೆ ಅಂತ ಪಕ್ಕದ ತೋಟದವನಿಗೆ ಹೇಗ್ ಗೊತ್ತಾಗ್ಬೇಕು, ಕಾಲು ಸೋತಿದ್ರೂ ಬಾಯಿ ಸೋತಿಲ್ವಲ್ಲ, ಅದು ನಂದು ಕಣೋ ಅಂತ ಕೂಗ್ಬಹುದಲ್ಲ? ಕೂಗದಿದ್ದರೆ, ಗ್ರೋಟ್ ಕೇಳುತ್ತಾರೆ. ಕೂಗ್ಲಿಲ್ಲ ಅಂದ್ರೆ ಅವ್ನಿಗೇ ಬೇಡವಾಗಿತ್ತೇನೋ.

ಎದೆ ಹಗುರಾಗುತ್ತಿದೆ, ಇದೇನಿದು, ಸೋತವನಿಗೆ ಹೀಗಾಗಬಾರದು, ಆದರೆ ಜಗಳಾಡಿದಳಲ್ಲ, ಜಗಳಾಡುವಷ್ಟು ಅದನ್ನು ನಿಜವೆಂದುಕೊಂಡಳಲ್ಲ, ನಗು ಬರುತ್ತಿದೆ, ಇವಳಿಗೆ ‘ಪೂರ್ಣ ತೃಪ್ತಿಕರ’ — ಹೊರಗಿನವರಿಗೆ ಸಪ್ಪೆ ಎನಿಸುವ ದರ್ಜೆ, ಇಲ್ಲಿ ಅದು ಸಿಕ್ಕರೆ ಆನಂದದಿಂದ ಅಳುತ್ತಾರೆ — ಇಲ್ಲ, ಅದಕ್ಕೂ ಮೇಲಿನದೇ ಕೊಡಬೇಕು, ಅಧ್ಯಕ್ಷೆ ಏನಾದರೂ ಅನ್ನಲಿ. ಅವ್ನಿಗೇ ಬೇಡವಾಗಿತ್ತೇನೋ. ಅಜ್ಜ. ಯಾವ ಪುಟದಲ್ಲೂ ಬರೆಯದ ಅಜ್ಜ, ಟೋಪಿ ಕೈಯಲ್ಲಿ, ಪಕ್ಕದವರ ಬೇಲಿಯ ಬಳಿ, ಅವನದೇ ಜೇನುಹಿಂಡು ಸೇಬಿನ ಕೊಂಬೆಯಿಂದ ಏಳುತ್ತಿದೆ, ಪುಟ್ಟ ವೆಂಡೆಲಿನ್ ಅಂಗಿ ಜಗ್ಗುತ್ತಾನೆ, ಓಡಜ್ಜ, ಓಡು, ಹೋಗ್ತಿದೆ — ಅಜ್ಜನಿಗೆ ಉಸಿರು ಕಟ್ಟಿದೆ ಎಂದುಕೊಂಡೇ ಒಂದು ಬದುಕಿನಷ್ಟು ಬರೆದದ್ದು, ಉಸಿರು ಕಟ್ಟಿರಲಿಲ್ಲ, ಬಾಯಿ ತುಸು ತೆರೆದಿತ್ತು, ಕೂಗಲಿಕ್ಕಲ್ಲ — ಪ್ರೊಫೆಸರೇ, ಮುಂದಿನ ಪ್ರಶ್ನೆ? ಅಧ್ಯಕ್ಷೆಯ ದನಿ, ಎಲ್ಲೋ ದೂರದಿಂದ — ಟೋಪಿ ಕೈಯಲ್ಲಿ, ಬೇಲಿಯ ಬಳಿ, ಮುಖ ಮೇಲೆತ್ತಿ, ಅಜ್ಜ ನಗುತ್ತಿದ್ದಾನೆ