ಬಾಗಿಲು ಯಾರು ತೆಗೀತಾರೆ?

“ಸರ್, ಆರನೆಯವರು ಬರಲ್ಲವಂತೆ. ನೀವೇ ಕೂತ್ಬಿಡಿ.”

ಬೀಗ ಕೊಳ್ಳುವವರ ಅಭಿಪ್ರಾಯ ತಿಳಿಯಲು ಕರೆದ ಗುಂಪುಚರ್ಚೆ ನಡೆಸುವ ಹುಡುಗಿ ಅವನನ್ನು ಹೆಚ್ಚುಕಡಿಮೆ ಒಳಗೆ ತಳ್ಳಿದಳು. ಐವರು ಗಂಡಸರು ಬಿಸ್ಕೆಟ್ ತಿನ್ನುತ್ತಿದ್ದರು. ಗೋಡೆಯ ಕನ್ನಡಿಯ ಆಚೆ ಬೀಗದ ಕಂಪನಿಯವರು. ಅವರಿಗೆ ಇವರು ಕಾಣುತ್ತಾರೆ, ಇವರಿಗೆ ಕಾಣುವುದು ತಮ್ಮದೇ ಮುಖ.

ಮನೆಮನೆಗೆ ಪ್ರಶ್ನಾವಳಿ ಹಂಚಿದರೆ ಸಾಕು ಎಂದಿದ್ದ ಅವನ ಸಂಶೋಧನಾ ಸಂಸ್ಥೆಯ ಮ್ಯಾನೇಜರ್. ಇವನೇ ಹಟ ಹಿಡಿದಿದ್ದ: ಎಷ್ಟು ಜನ ಎಂಬುದನ್ನು ಅಂಕಿ ಹೇಳುತ್ತದೆ, ಏಕೆ ಎಂಬುದನ್ನು ಹೇಳುವುದಿಲ್ಲ, ನಾಲ್ಕು ಜನ ಸೇರಿದರೆ ನಿಜ ಹೊರಬರುತ್ತದೆ. ಈಗ ಒಂದು ಕುರ್ಚಿ ಖಾಲಿ ಉಳಿದರೆ ವಿಧಾನವೇ ಸರಿಯಿಲ್ಲ ಎನ್ನುತ್ತಾರೆ. ಸಂಶೋಧಕನೇ ಉತ್ತರ ಕೊಡುವುದು ಎಂಥ ತಪ್ಪೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೂತ.

“ಸಂಜೆ ಮನೆಗೆ ಹೋದಾಗ ಬಾಗಿಲು ಯಾರು ತೆಗೀತಾರೆ?” ಹುಡುಗಿ ಕೇಳಿದಳು.

“ಕೀಲಿ ನನ್ನ ಹತ್ರಾನೇ ಇರುತ್ತೆ,” ಎಂದ ಒಬ್ಬ.

“ನಮ್ಮತ್ತೆ. ಮೊದಲು ಗಡಿಯಾರ ನೋಡ್ತಾರೆ, ಆಮೇಲೆ ನನ್ನ,” ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

ಸರದಿ ಅವನದಾಯಿತು.

“ಹೆಂಡತಿ.” ಅಲ್ಲಿಗೆ ನಿಲ್ಲಿಸಬಹುದಿತ್ತು. “ಬೆಲ್ ಒತ್ತೋದೇ ಬೇಡ. ಮೆಟ್ಟಿಲು ಹತ್ತೋ ಸದ್ದಿಗೇ ಅವಳಿಗೆ ಗೊತ್ತಾಗುತ್ತೆ. ಕೈ ಒದ್ದೆ ಇರುತ್ತೆ, ಮೊಣಕೈಯಲ್ಲೇ ಚಿಲಕ ಸರಿಸ್ತಾಳೆ.”

“ಪುಣ್ಯವಂತರು ಬಿಡಿ,” ಎಂದ ಅತ್ತೆಯ ಅಳಿಯ.

ಅವಳು ಬಿಟ್ಟುಹೋಗಿ ಎರಡು ವರ್ಷ. ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ.

ಚರ್ಚೆ ಮುಗಿದ ಮೇಲೆ ಮ್ಯಾನೇಜರ್ ಬೆನ್ನು ತಟ್ಟಿದ.

“ಗೆದ್ದುಬಿಟ್ರಿ ಕಣ್ರೀ! ಆರನೆಯವನನ್ನ ಬಿಟ್ಟು ಬೇರೆ ಮಾತೇ ಇಲ್ಲ ಕಂಪನಿಯವರಿಗೆ. ನಮ್ಮವನೇ ಅಂತ ನಾನೂ ಬಾಯಿಬಿಡಲಿಲ್ಲ. ಈಗ ವಿಧಾನ ಬದಲಾಯಿಸಬೇಕಂತೆ. ಮನೆಗೇ ಬಂದು ನೋಡ್ತಾರಂತೆ, ನಾಳೆ ಸಂಜೆ. ನೀವು ಬರೋದು, ನಿಮ್ಮನೆಯವರು ಬಾಗಿಲು ತೆಗೆಯೋದು.”

“ನಾಳೆ ಅವಳು ಇರ್ತಾಳೋ ಇಲ್ವೋ...”

“ಎಲ್ಲಿಗೆ ಹೋಗ್ತಾರೆ ಬಿಡ್ರೀ. ಅವರನ್ನ ಒಂದು ಮಾತು ಕೇಳಿನೋಡಿ.”

“ಕೇಳ್ತೀನಿ,” ಎಂದ. ನಿಜ ಹೇಳಲು ಅದೇ ಸಮಯವಾಗಿತ್ತು. ಮ್ಯಾನೇಜರ್ ಆಗಲೇ ಫೋನಿನಲ್ಲಿದ್ದ.

ಅಂದು ಸಂಜೆ ಮನೆಯ ಮೆಟ್ಟಿಲನ್ನು ಬೇಕೆಂದೇ ಸದ್ದು ಮಾಡಿಕೊಂಡು ಹತ್ತಿದ. ಕೀಲಿ ಜೇಬಿನಲ್ಲಿತ್ತು. ತೆಗೆಯಲಿಲ್ಲ. ಬಾಗಿಲ ಮುಂದೆ ನಿಂತ. ಅದು ತನ್ನಷ್ಟಕ್ಕೆ ತಾನು ಮುಚ್ಚಿಕೊಂಡಿತ್ತು. ಕೊನೆಗೆ ಬೆಲ್ ಒತ್ತಿದ. ಒಳಗೆ, ಎಲ್ಲ ಕೋಣೆಗಳಲ್ಲೂ, ಅದು ಕೇಳಿಸಿತು. ಇನ್ನೊಮ್ಮೆ ಒತ್ತಿದ.

ಎದುರುಮನೆಯ ಬಾಗಿಲು ಸರಪಳಿ ಬಿಟ್ಟಷ್ಟೇ ತೆರೆಯಿತು. ಅವನು ಎಂದೂ ಮಾತಾಡಿಸದ ಹೆಂಗಸೊಬ್ಬಳು ಇಣುಕಿದಳು.

“ಯಾರು ಬೇಕಾಗಿತ್ತು? ಆ ಮನೇಲಿ ಯಾರೂ ಇಲ್ಲ.”

“ಹೌದಾ,” ಎಂದ. ಥ್ಯಾಂಕ್ಸ್ ಹೇಳಿ ಮೆಟ್ಟಿಲಿಳಿಯತೊಡಗಿದ.