ಅರ್ಧ ಗುಳಿಗೆ

ಬಿಗಿದುಕೊಂಡ ಬೆರಳುಗಳನ್ನು ಕೂಡಿಸಿ ಹಿಡಿದು ಕಾಶೀಂಬಿ ಹಸಿರು ಬಳೆಯನ್ನು ಮೆಲ್ಲಗೆ ಒತ್ತಿದಳು. ಬಳೆ ಹೆಬ್ಬೆರಳ ಬುಡದಲ್ಲಿ ಸಿಕ್ಕಿಕೊಂಡಿತು.

"ಜರಾ ಎಣ್ಣಿ ಹಚ್ಚು," ಎಂದಳು ಸತ್ತವಳ ನಾದಿನಿ ತಿಪ್ಪವ್ವ. "ನಿನ್ನ ಕೈಲೆ ಇಡಿಸ್ಕೊಂಡ ಬಳಿ ಒಂದರ ಒಡದಿತ್ತೇನ? ಈಗ್ಯಾಕ ಅಂಜತಿ?"

ಕಾಶೀಂಬಿ ತಲೆ ಎತ್ತಲಿಲ್ಲ. ಗಜೇಂದ್ರಗಡದ ಆ ಓಣಿಯ ಹೆಂಗಸರಿಗೆಲ್ಲ ಬಳೆ ಇಡಿಸುವವಳು ಅವಳೇ. ಹಬ್ಬ ಬಂದರೆ ಮೊದಲು ಕೈ ಚಾಚುತ್ತಿದ್ದವಳು ಪಕ್ಕದ ಮನೆಯ ಶಂಕ್ರವ್ವ. ಆ ಶಂಕ್ರವ್ವನನ್ನು ಈಗ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಮೈಮೇಲೆ ಗಂಡ ನಿಜಲಿಂಗಪ್ಪ ನೇಯ್ದ ಸೀರೆ. ನಿನ್ನೆ ಮಧ್ಯಾಹ್ನ ರಾಟಿಯ ಮುಂದೆ ಕೂತು ನೂಲು ಸುತ್ತುತ್ತಿದ್ದವಳು ಒಮ್ಮೆಲೇ ಎಡಕ್ಕೆ ವಾಲಿದ್ದಳು. ಬಾಯಿ ಸೊಟ್ಟಗಾಗಿ ಮಾತು ನಿಂತಿತ್ತು. ಹೊತ್ತು ಮುಳುಗುವಷ್ಟರಲ್ಲಿ ಜೀವ ಹೋಗಿತ್ತು.

"ಪುಣ್ಯವಂತಿ, ಮುತ್ತೈದಿಯಾಗಿ ಹೋದ್ಲು," ಎಂದಳು ಬಾಗಿಲ ಬಳಿ ಕೂತ ವೀರವ್ವ ಮುದುಕಿ. "ಒಂದ ಕಡ್ಲಿಕಾಳ ಇದ್ರೂ ಒಡದು ಇಬ್ಬರ ಬಾಯಿಗೆ ಹಾಕಾಕಿ."

"ಗದಗಿನ ಡಾಕ್ಟರ ಗುಳಿಗಿ ಕೊಟ್ಟಿದ್ರಲ್ಲ? ದಿನಾ ತಪ್ಪದ ನುಂಗತಿದ್ಲು. ಆದ್ರೂ ಹಿಂಗಾತ ನೋಡ್ರಿ," ಎಂದಳು ಅಲ್ಲಿದ್ದ ಇನ್ನೊಬ್ಬಳು.

ಬಳೆ ಥಟ್ಟನೆ ಮುಂಗೈಗೆ ಇಳಿಯಿತು. ಕಾಶೀಂಬಿ ಎದ್ದು ಹಿತ್ತಲಿಗೆ ನಡೆದಳು.

*

ಹೋದ ದೀಪಾವಳಿ ಮುಗಿದ ಮೇಲೆ ಶಂಕ್ರವ್ವ ಗದಗಿಗೆ ಹೋಗಿ ಬಂದಿದ್ದಳು. ಅಡ್ಡಗೋಡೆಯ ಆಚೆ ನಿಂತು, ಡಾಕ್ಟರರ ಹಾಗೆಯೇ ಬೆರಳು ಎತ್ತಿ ಹೇಳಿದ್ದಳು.

"ತೋಳಿಗೆ ರಬ್ಬರ ಪಟ್ಟಿ ಸುತ್ತಿ ಪುಸ್ ಪುಸ್ ಅಂತ ಗಾಳಿ ತುಂಬಿದ್ರು. ರಕ್ತದ ಒತ್ತಡ ಭಾಳ ಏರೇತಂತ. ದಿನಾ ಸಂಜಿಮುಂದ ಒಂದ ಗುಳಿಗಿ. ಆರಾಮಾತಂತ ಬಿಡಬಾರದು, ಕಡಿಮಿ ಮಾಡಬಾರದು. 'ನಿನ್ನ ಮೈ ನೋಡಿ ಕೊಟ್ಟದ್ದು, ಇನ್ನೊಬ್ಬರಿಗೆ ಕೊಟ್ಟೀ ಮತ್ತ' ಅಂತ ಗದರಿಸಿದ್ರು."

ನಕ್ಕು, ಅಡಕೊತ್ತಿನಲ್ಲಿ ಗುಳಿಗೆಯೊಂದನ್ನು ಕತ್ತರಿಸಿ ಅರ್ಧ ಚಾಚಿದ್ದಳು.

"ನಿನಗೂ ನನ್ನಂಗ ಚಕ್ಕರ ಬರತೈತಲ್ಲ. ತಗೋ."

"ಬ್ಯಾಡಕ್ಕ. ಡಾಕ್ಟರ ಬೈದಾರಂತಿ."

"ಹಂಗಾರ ನೀನ ದವಾಖಾನಿಗೆ ನಡಿ."

ಕಾಶೀಂಬಿ ಹೋಗಲು ಒಪ್ಪಲಿಲ್ಲ. ದವಾಖಾನೆಗೆ ಹೋದ ಅವಳ ತಾಯಿ ತಿರುಗಿ ಬಂದಿರಲಿಲ್ಲ. ಅರ್ಧ ಗುಳಿಗೆಯನ್ನು ನುಂಗಿದಳು. ಮರುದಿನ ಮೂಗು ಕಟ್ಟಿ, ಮೈ ಭಾರವಾಗಿ, ಬಳೆಯ ಬುಟ್ಟಿ ಎತ್ತಲಾಗಲಿಲ್ಲ. ಹೆದರಿಕೆಯಾಯಿತು. ಅಂದಿನಿಂದ ಗೋಡೆಯಾಚೆಯಿಂದ ದಿನವೂ ಬಂದ ಅರ್ಧ ಗುಳಿಗೆಯನ್ನೆಲ್ಲ ಒಲೆಗೆ ಎಸೆದಳು.

ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಶಂಕ್ರವ್ವನೇ ಅವಳ ಗದ್ದ ಹಿಡಿದು, "ಈಗ ನೋಡು, ಮಾರಿ ಎಷ್ಟು ಚಲೋ ಆಗೇತಿ! ನಂದೂ ತಲಿನೋವು ಇಲ್ಲ. ಇಬ್ಬರಿಗೂ ಅರ್ಧರ್ಧ ಸಾಕು," ಎನ್ನುತ್ತಿದ್ದಳು. ಆ ಖುಷಿ ಕಂಡು ಕಾಶೀಂಬಿ ಮಾತು ಬದಲಿಸುತ್ತಿದ್ದಳು. ಈಚೆಗೆ ಶಂಕ್ರವ್ವ ನೂಲು ಸುತ್ತುವಾಗ ಹಣೆ ಒತ್ತಿಕೊಳ್ಳುವುದನ್ನು ಕಾಶೀಂಬಿ ಕಂಡಿದ್ದಳು. ಕಂಡೂ ಅರ್ಧ ಗುಳಿಗೆಗೆ ಕೈ ಚಾಚಿದ್ದಳು.

*

ಮಣ್ಣು ಮಾಡಿ ಬಂದವರು ಮಿಂದು, ಒಬ್ಬೊಬ್ಬರಾಗಿ ತಮ್ಮ ಮನೆಗಳಿಗೆ ಹೋದರು. ನಿಜಲಿಂಗಪ್ಪ ಮಗ್ಗದ ತಗ್ಗಿನೊಳಗೆ ಕಾಲು ಇಳಿಬಿಟ್ಟು ಕೂತಿದ್ದ. ಬಾಗಿಲಲ್ಲಿ ನಿಂತ ಕಾಶೀಂಬಿಯನ್ನು ಕಂಡು, "ಬಾ ತಂಗಿ, ಒಳಗ ಬಾ," ಎಂದ.

"ಅಣ್ಣಾರ, ಒಂದ ಮಾತು ಹೇಳೂದೈತ್ರಿ. ಗುಳಿಗಿದು."

"ಗೊತ್ತೈತಿ ನನಗ," ಎಂದ ಅವನು. "ಅಕಿ ಅಡಕೊತ್ತಿನಾಗ ಕತ್ತರಸೂದು ಇಲ್ಲಿ ಕೇಳತಿತ್ತು. ಒಮ್ಮೆ ಬೈದೆ. 'ಕಾಶೀಂಬಿಗೂ ಜೀವ ಐತಿಲ್ರಿ' ಅಂದ್ಲು. ಸುಮ್ಮನಾದೆ. ಸುಮ್ಮನಾಗಬಾರದಿತ್ತು."

ಎದ್ದು ಗೂಡಿನಿಂದ ಗುಳಿಗೆಯ ಸೀಸೆ ತಂದು ಅವಳ ಮುಂದಿಟ್ಟ. ತಂಬಿಗೆಯಲ್ಲಿ ನೀರೂ ತಂದು ಚಾಚಿದ.

"ಮಣ್ಣಿಗಿಟ್ಟು ಬರೋವಾಗ ಒಂದ ಧೈರ್ಯ ಇತ್ತು ನೋಡು. ಅಕಿ ಬಿಟ್ಟುಕೊಟ್ಟದ್ದು ಹಾಳಾಗಲಿಲ್ಲ. ನೀನರ ಗಟ್ಟಿ ಇದ್ದೀ. ಉಳದದ್ದೂ ನಿಂದ. ಹೊತ್ತಾತು, ನನ್ನ ಮುಂದ ಒಂದ ತಗೋ."

ಅವನ ಮುಖ ಬೆಳಗಿನಿಂದ ಮೊದಲ ಸಲ ಸ್ವಲ್ಪ ಸಡಿಲಾಗಿತ್ತು. ಒಂದು ಗುಳಿಗೆ ನುಂಗಿಬಿಟ್ಟರೆ ಆ ಸಮಾಧಾನ ಹಾಗೆಯೇ ಉಳಿಯುತ್ತಿತ್ತು. ಕಾಶೀಂಬಿ ಸೀಸೆಯನ್ನು ಮುಟ್ಟಿ ಕೈ ಹಿಂದೆಗೆದಳು.

"ನಾ ತಿಂದಿಲ್ರಿ ಅಣ್ಣಾರ."

"ಏನ?"

"ಮೊದಲನೇದು ಒಂದ ನುಂಗಿದ್ದೆ. ಅಂಜಿಕಿ ಬಂತು. ಉಳದದ್ದೆಲ್ಲಾ ಒಲಿಗೆ ಹಾಕಿದೆ. ಅಕ್ಕಗ ಹೇಳಲಿಲ್ಲ. ಒಮ್ಮೆನೂ ಹೇಳಲಿಲ್ಲ."

ತಂಬಿಗೆ ಹಿಡಿದ ನಿಜಲಿಂಗಪ್ಪನ ಕೈ ಚಾಚಿದಂತೆಯೇ ಇತ್ತು. ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ. ತಂಬಿಗೆ ಮೆಲ್ಲಗೆ ವಾಲಿತು. ನೀರು ಅವನ ಮುಂಗೈಗುಂಟ ಇಳಿದು, ಅರ್ಧ ನೇಯ್ದ ಸೀರೆಯ ಮೇಲೆ ಹರಡಿ, ಮಗ್ಗದ ತಗ್ಗಿನೊಳಗೆ ಹನಿಹನಿಯಾಗಿ ಬೀಳತೊಡಗಿತು.