ಮಾವನ ಕಿವಿಯ ಅಳತೆ

ಸ್ಪೀಕರ್ ಬಿದ್ದದ್ದು ಸೀದಾ ಮಗನ ಕಾಲಿನ ಹೆಬ್ಬೆರಳ ಮೇಲೆ. ಹಾಲ್‌ನಲ್ಲಿ ಹಾದುಹೋಗುವಾಗ ವೈರು ಅವನ ಕಾಲಿಗೆ ಸಿಕ್ಕಿತು, ಅದರ ಹಿಂದೆ ಸ್ಟೂಲು ವಾಲಿತು, ಸ್ಟೂಲಿನ ಮೇಲಿದ್ದ ಪೆಟ್ಟಿಗೆ ಕೆಳಗಿಳಿಯಿತು. ಹೊಲಿಗೆ ಮೆಷಿನ್ನಿನಷ್ಟು ಭಾರದ ಪೆಟ್ಟಿಗೆ. ಅವನು ಒಂದು ಕಾಲು ಕೈಯಲ್ಲಿ ಹಿಡಿದುಕೊಂಡು ಇನ್ನೊಂದರಲ್ಲಿ ಮನೆಯೆಲ್ಲ ಕುಣಿದ. ಅವನ ಹೆಂಡತಿ ಒಳಗಿನಿಂದ ಓಡಿಬಂದು ಮೊದಲು ಮುಟ್ಟಿ ನೋಡಿದ್ದು ಸ್ಪೀಕರನ್ನು. ಈ ವಿಷಯವನ್ನು ಅವನು ಬಹಳ ಕಾಲ ಎತ್ತಿ ಆಡಿದ, ಆಡಲಿ ಬಿಡಿ, ಅದರಲ್ಲಿ ತಪ್ಪೇನಿಲ್ಲ.

ಅವಳು ಹಾಗೆ ಓಡಿದ್ದಕ್ಕೂ ಕಾರಣವಿತ್ತು. ಸ್ಪೀಕರ್ ಎರಡೂ ಅವಳ ಮಾವನವು. ಮಾವ ಇದ್ದ ಬಾಡಿಗೆ ಮನೆ ಕೆಡವುತ್ತಾರೆ ಎಂದು ಗೊತ್ತಾದಾಗ ಮಗ, ಸೊಸೆ ಇಬ್ಬರೂ ಹೋಗಿ ಅವರನ್ನು ಕರೆದುಕೊಂಡು ಬಂದಿದ್ದರು. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಪಾತ್ರೆ, ಮಂಚ ಎಲ್ಲ ಅವರಿವರಿಗೆ ಕೊಟ್ಟು ಮಾವ ತಂದದ್ದು ಒಂದು ಸೂಟ್‌ಕೇಸು, ಹಾಡು ಹಾಕುವ ಮೆಷಿನ್ನು, ಜೊತೆಗೆ ಈ ಜೋಡಿ. ಇವಕ್ಕೆ ಬುಕ್‌ಶೆಲ್ಫ್ ಸ್ಪೀಕರ್ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರ ಮನೆಯ ಪುಸ್ತಕದ ಕಪಾಟು ನೋಡಿದ್ದನೋ! ಮೊದಲ ದಿನ ಒಂದನ್ನು ಕಪಾಟಿನಲ್ಲಿ ಇಟ್ಟದ್ದೇ ತಡ, ಹಲಗೆ ಬಟ್ಟೆ ಒಣಹಾಕಿದ ಹಗ್ಗದ ಹಾಗೆ ಜೋತುಬಿತ್ತು. ಆಮೇಲೆ ಅವು ಸ್ಟೂಲ್ ಹತ್ತಿದ್ದವು.

"ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇನೆ," ಎಂದರು ಮಾವ. ಎದ್ದು ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು.

ತಮಾಷೆಗೆ ಹೇಳಿದ ಮಾತಲ್ಲ. ಮಾವ ರೈಲ್ವೆ ಸ್ಟೇಷನ್ನಿನಲ್ಲಿ ಮೈಕಿನ ಮುಂದೆ ಕೂತು ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಸಾರುತ್ತಿದ್ದವರು. ಅವರು ನಿವೃತ್ತರಾಗಿದ್ದರು, ಅವರ ನಾಲಿಗೆ ಇನ್ನೂ ಆಗಿರಲಿಲ್ಲ. ಮನಸ್ಸಿಗೆ ಇರಿಸುಮುರಿಸಾದರೆ ಸಾಕು, ಪ್ರಕಟಣೆ ಹೊರಡುತ್ತಿತ್ತು. ಈ ಮನೆಗೆ ಬಂದ ಮೇಲಂತೂ ಬೆಳಗಿನಿಂದ ಸಂಜೆಯವರೆಗೆ ಪ್ರಕಟಣೆಗಳೇ. ಬಾಯಾರಿದರೆ "ಒಂದು ಲೋಟ ನೀರು ಸಿಗಬಹುದೇ?" ಸೊಸೆಯನ್ನು ಕರೆದರೂ "ನೀವು", "ತಾವು". ಹೊದಿಕೆಯನ್ನು ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಹಾಗೆ ಮಡಿಚಿಡುತ್ತಿದ್ದರು. ಹಾಡು ಕೇಳುವುದೆಂದರೆ ಪ್ರಾಣ, ಆದರೆ ಅದನ್ನೂ ಪಿಸುಮಾತಿನಷ್ಟು ಸಣ್ಣಗೆ ಹಾಕಿಕೊಂಡು, ಆರಾಮಕುರ್ಚಿಯ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಮೊಣಕಾಲ ಮೇಲೆ ಕೈಯಿಟ್ಟು ಕೂರುತ್ತಿದ್ದರು. ಈಗಲೋ ಆಗಲೋ ಗಾಡಿ ಬರುತ್ತದೆ, ಎದ್ದು ಹೊರಡಬೇಕು ಎನ್ನುವವರ ಹಾಗೆ. ಸೊಸೆ ಬೆನ್ನ ಹಿಂದೆ ದಿಂಬು ಇಟ್ಟು ಬಂದರೂ ಒರಗುತ್ತಿರಲಿಲ್ಲ.

ಅವಳಿಗೆ ಮಾವನ ಮೇಲೆ ಅಷ್ಟು ಅಕ್ಕರೆ ಯಾಕೆಂದರೆ, ಅವಳು ಆಫೀಸಿನ ಕೆಲಸ ಬಿಟ್ಟು ಟೇಲರ್ ಅಂಗಡಿ ಹಾಕುತ್ತೇನೆ ಎಂದಾಗ ಮನೆಮಂದಿಯೆಲ್ಲ ಮೂಗು ಮುರಿದಿದ್ದರು. ಗಂಡ ಕೂಡ "ಯೋಚನೆ ಮಾಡು" ಎಂದು ರಾಗ ಎಳೆದಿದ್ದ. ಅಂಗಡಿಯ ಬಾಗಿಲು ತೆರೆದ ದಿನ ಅಂಗಿಬಟ್ಟೆ ಕಂಕುಳಲ್ಲಿ ಇಟ್ಟುಕೊಂಡು ಬಂದ ಮೊದಲ ಗಿರಾಕಿ ಮಾವ. ಅವಳು ಹೊಲಿದ ಆ ಅಂಗಿಯ ಕಾಲರ್ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಮಾವ ಅದನ್ನೇ ಹಾಕಿಕೊಂಡು ಡ್ಯೂಟಿಗೆ ಹೋದರು, ಹರಿಯುವವರೆಗೂ ಹಾಕಿಕೊಂಡರು. ಅಂಥವರು ತನ್ನ ಮನೆಯಲ್ಲೇ ನೆಂಟರ ಹಾಗೆ ಕೂತರೆ ಅವಳಿಗೆ ಸಹಿಸಲಾಗುವುದು ಹೇಗೆ?

ಮಗನ ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿದ ಮೇಲೆ ಮಾವ ಗಂಟಲು ಸರಿಪಡಿಸಿಕೊಂಡರು.

"ನನ್ನ ಗೆಳೆಯ ಇದ್ದಾನಲ್ಲ, ಟಿಕೆಟ್ ಚೆಕ್ ಮಾಡ್ತಿದ್ದವನು, ಅವನ ಮನೆ ಪಕ್ಕದಲ್ಲಿ ಒಂದು ರೂಮು ಖಾಲಿ ಆಗ್ತಿದೆಯಂತೆ. ಈ ಸಾಮಾನೆಲ್ಲ ತಗೊಂಡು ನಾನು ಅಲ್ಲಿಗೆ ಹೋದ್ರೆ ನಿಮಗೆ ತೊಂದರೆ ತಪ್ಪುತ್ತೆ. ತಿಂಗಳ ಕೊನೆಗೆ ಉತ್ತರ ಹೇಳ್ತೀನಿ ಅಂದಿದ್ದೀನಿ."

ಸೊಸೆ ಬ್ಯಾಂಡೇಜಿನ ಸುರುಳಿ ಕೆಳಗಿಟ್ಟಳು. "ತೊಂದರೆ ಸ್ಟೂಲಿಂದ ಆಗಿದ್ದು ಮಾವ, ನಿಮ್ಮಿಂದಲ್ಲ. ಗಟ್ಟಿಯಾದ ಸ್ಟ್ಯಾಂಡ್ ತರ್ತೀನಿ. ಅಲ್ಲೀವರೆಗೆ ನೀವು ಆ ಗೆಳೆಯರಿಗೆ ಹೂಂ ಅನ್ನಬೇಡಿ."

"ಆಗಲಿ," ಎಂದರು ಮಾವ. ಅವರು ಯಾವುದಕ್ಕೂ ಬೇಡ ಎನ್ನುತ್ತಿರಲಿಲ್ಲ, ತೊಂದರೆಯೇ ಅದು.

ಮರುದಿನ ಗಂಡನನ್ನು ಕುಂಟಿಸಿಕೊಂಡೇ ದೊಡ್ಡ ಅಂಗಡಿಗೆ ಹೋದಳು. ಸೇಲ್ಸ್‌ಮನ್ ತೋರಿಸಿದ ಸ್ಟ್ಯಾಂಡ್ ನೋಡಲು ಚಂದವೋ ಚಂದ. ಮೇಲೆ ಗಾಜು, ಕೆಳಗೆ ಗಾಜು, ನಡುವೆ ಕಡ್ಡಿಯಂಥ ಕಾಲು. ಗಂಡ ಮರುಳಾಗಿಹೋದ.

"ಇದು ಫಾಸ್ಟ್ ಮೂವಿಂಗ್ ಮೇಡಂ."

ಅವಳು ಬಟ್ಟೆಯ ನೇಯ್ಗೆ ಪರೀಕ್ಷಿಸುವ ಹಾಗೆ ಎರಡು ಬೆರಳಲ್ಲಿ ಅದರ ತುದಿ ಹಿಡಿದು ಅಲ್ಲಾಡಿಸಿದಳು. ಸ್ಟ್ಯಾಂಡು ತಲೆ ತೂಗಿತು. "ಮೂವ್ ಆಗೋದು ಕಾಣ್ತಾ ಇದೆ. ರೀ, ಇದರ ಮೇಲೆ ಸ್ವಲ್ಪ ಕೈಯೂರಿ ನಿಂತ್ಕೊಳ್ಳಿ ನೋಡೋಣ."

"ಬೇಡ ಸರ್! ಬೇಡ ಸರ್!" ಎಂದು ಸೇಲ್ಸ್‌ಮನ್ ಅಡ್ಡ ಬಂದ. ಅಲ್ಲಿಗೆ ಆ ಸ್ಟ್ಯಾಂಡಿನ ಬಂಡವಾಳ ಬಯಲಾಯಿತು. ಇನ್ನೊಂದು ಮರದ್ದು, ಗಟ್ಟಿಯೇ ಇತ್ತು, ಆದರೆ ಮೇಲಿನ ಹಲಗೆ ಅಂಗೈಯಗಲ. ಮತ್ತೊಂದರ ಕಾಲು ದಪ್ಪ, ಬುಡ ಕಿರಿದು. ಅಂಗಡಿಯಲ್ಲಿದ್ದದ್ದೆಲ್ಲ ಇವರ ಪೆಟ್ಟಿಗೆಯ ಅರ್ಧದಷ್ಟಿದ್ದ ಸ್ಪೀಕರಿಗೆ ಮಾಡಿದ್ದು. ರೆಡಿಮೇಡ್ ಎಂದರೆ ಅಷ್ಟೇ, ಯಾರ ಮೈಗೂ ಸರಿಯಾಗಿ ಕೂರುವುದಿಲ್ಲ ಎಂದು ಅವಳು ದಾರಿಯುದ್ದಕ್ಕೂ ಗಂಡನಿಗೆ ಪಾಠ ಮಾಡಿದಳು. ಟೇಲರಾದವಳು ಇನ್ನೇನು ಹೇಳಿಯಾಳು?

ಕೊನೆಗೆ ತಮ್ಮ ಬೀದಿಯ ವೆಲ್ಡರನ ಬಳಿಗೇ ಬಂದಳು. ಗೇಟು, ಕಿಟಕಿಯ ಗ್ರಿಲ್ಲು ಮಾಡುವವನು. ಏನು ಕೇಳಿದರೂ ನಾಳೆ ಎನ್ನುತ್ತಿದ್ದುದರಿಂದ ಬೀದಿಯವರೆಲ್ಲ ಅವನನ್ನು ನಾಳೆಯಣ್ಣ ಎಂದೇ ಕರೆಯುತ್ತಿದ್ದರು. ಅವನೂ ಅದಕ್ಕೆ ಓ ಎನ್ನುತ್ತಿದ್ದ.

"ನಮ್ಮವರು ಹೋಗಿ ಡಿಕ್ಕಿ ಹೊಡೆದ್ರೂ ಜಪ್ಪಯ್ಯ ಅನ್ನಬಾರದು, ಅಂಥದ್ದು ಎರಡು ಬೇಕು ನಾಳೆಯಣ್ಣ."

"ಹಾಗಾದ್ರೆ ದಪ್ಪ ಪೈಪು, ಬುಡಕ್ಕೆ ಅಗಲವಾದ ಕಬ್ಬಿಣದ ಪ್ಲೇಟು, ಪೈಪಿನ ಒಳಗೆಲ್ಲ ಒಣ ಮರಳು. ಆಮೇಲೆ ಮನೆ ಅಲ್ಲಾಡಬಹುದು, ಅದು ಅಲ್ಲಾಡಲ್ಲ. ಎತ್ತರ ಎಷ್ಟು?"

ಎತ್ತರ ಅವಳಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಮಾವನನ್ನು ಕೇಳಿದಳು.

"ಪೆಟ್ಟಿಗೆಯಲ್ಲಿ ಮೇಲುಗಡೆ ಇರೋ ಚಿಕ್ಕ ಸ್ಪೀಕರ್ ಕೂತವರ ಕಿವಿ ಮಟ್ಟಕ್ಕೆ ಬಂದ್ರೆ ಒಳ್ಳೇದು. ಬರದಿದ್ರೂ ನಡೆಯುತ್ತೆ. ತಾವು ತೊಂದರೆ ತಗೋಬೇಡಿ."

"ನಿಮ್ಮ ಕಿವಿಗೇ ಅಳತೆ ತಗೋತೀನಿ, ಕೂತ್ಕೊಳ್ಳಿ," ಎಂದು ಅವಳು ಕೊರಳಲ್ಲಿದ್ದ ಟೇಪು ಎಳೆದಳು. ಟೇಪು ಹತ್ತಿರ ಬಂದರೆ ಎಂಥವರೂ ನೆಟ್ಟಗಾಗುತ್ತಾರೆ. ಹೊಟ್ಟೆ ಒಳಗೆ, ಎದೆ ಹೊರಗೆ, ಉಸಿರು ಬಂದ್. ಮಾವನೂ ಗಲ್ಲ ಎತ್ತಿ, ಬೆನ್ನು ಸೆಟೆಸಿ, ಕುರ್ಚಿಯ ತುದಿಗೆ ಬಂದು ಕೂತರು. ಅವಳು ನೆಲದಿಂದ ಕಿವಿಯವರೆಗೆ ಅಳೆದು ನಾಳೆಯಣ್ಣನಿಗೆ ಹೇಳಿಬಂದಳು. ಗಿರಾಕಿಗಳ ಹೊಟ್ಟೆಗೆ ಎರಡು ಬೆರಳು ಸಡಿಲ ಬಿಟ್ಟು ಹೊಲಿಯುವ ಜಾಣೆಗೆ ಕಿವಿಗೂ ಸಡಿಲ ಬಿಡಬೇಕು ಎಂದು ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಮಾವ ಆ ಮನೆಯಲ್ಲಿ ಯಾವಾಗಲೂ ಕೂರುತ್ತಿದ್ದುದೇ ಹಾಗೆ.

ನಾಳೆಗಳೆಲ್ಲ ಮುಗಿದು ಸ್ಟ್ಯಾಂಡು ಬಂತು. ಎತ್ತಿ ತಂದವರು ಏದುಸಿರು ಬಿಟ್ಟು ನೀರು ಕೇಳಿದರು. ಕಪ್ಪು ಬಣ್ಣ ಬಳಿದ ಎರಡು ಕಂಬಗಳು, ಅವುಗಳ ಮೇಲೆ ಪೆಟ್ಟಿಗೆಗಳನ್ನು ಏರಿಸಿದರೆ ಅಲ್ಲೇ ಹುಟ್ಟಿ ಬೆಳೆದವೋ ಎನ್ನುವ ಹಾಗೆ ನಿಂತವು. ಗಂಡ ಬ್ಯಾಂಡೇಜಿಲ್ಲದ ಕಾಲಿನಿಂದ ಒದ್ದು ನೋಡಿದ. ಈಗ ಎರಡು ಕಾಲಿಗೂ ಪೆಟ್ಟಾಯಿತು, ಸ್ಟ್ಯಾಂಡಿಗೆ ಏನೂ ಆಗಲಿಲ್ಲ. ಮಾವ ಕುರ್ಚಿಯ ತುದಿಯಲ್ಲಿ ಕೂತು ಹಾಡು ಹಾಕಿದರು. ಚಿಕ್ಕ ಸ್ಪೀಕರ್ ಕಿವಿಯ ಮಟ್ಟಕ್ಕೆ ಕರಾರುವಾಕ್ಕಾಗಿ ಬಂದಿತ್ತು.

"ಹೇಗಿದೆ ಮಾವ?"

"ಬಹಳ ಚೆನ್ನಾಗಿದೆ. ತಮ್ಮ ಸಹಕಾರಕ್ಕೆ ಧನ್ಯವಾದಗಳು."

ಸೊಸೆಗೆ ಅಳು ಬರುವುದೊಂದು ಬಾಕಿ. ಸ್ಟ್ಯಾಂಡು ಊರಿ ನಿಂತಿತ್ತು, ಮಾವ ಮಾತ್ರ ಊರಿರಲಿಲ್ಲ. ಆ ಗೆಳೆಯರಿಗೆ ಏನು ಹೇಳಿದಿರಿ ಎಂದು ಕೇಳುವ ಧೈರ್ಯವೂ ಅವಳಿಗೆ ಬರಲಿಲ್ಲ.

ಅಷ್ಟರಲ್ಲಿ ಶಾಲೆಗಳು ಶುರುವಾಗುವ ಕಾಲ ಬಂದು ಯೂನಿಫಾರ್ಮಿನ ರಾಶಿ ಅವಳ ಮೇಲೆ ಬಿತ್ತು. ಅಂಗಡಿಯಲ್ಲಿ ಜಾಗ ಸಾಲದೆ ಒಂದು ಮೆಷಿನ್ನನ್ನು ಮನೆಗೇ ತಂದು ಒಳಕೋಣೆಯಲ್ಲಿ ಹಾಕಿಕೊಂಡಳು. ಹಾಲ್‌ನಲ್ಲೂ ಬಟ್ಟೆಯ ಗಂಟುಗಳು. ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಮಾವನಿಗೆ ಹೊತ್ತುಹೊತ್ತಿಗೆ ಚಹಾ ಕೊಡುವುದು, ಏನಾದರೂ ಬೇಕಾ ಎಂದು ಹಿಂದೆ ಮುಂದೆ ಸುತ್ತುವುದು, ಎಲ್ಲ ನಿಂತುಹೋಯಿತು. ಅವಳಿಗೆ ಅದೇ ಕೊರಗು. ಮೊದಲೇ ಹೊರಡುತ್ತೇನೆ ಎನ್ನುವವರು, ಹೀಗೆ ಕಡೆಗಣಿಸಿದರೆ ಉಳಿಯುತ್ತಾರೆಯೇ?

ಮಾವ ಒಂದು ದಿನ ಚಹಾಕ್ಕೆ ಕಾದರು, ಬರಲಿಲ್ಲ. ಮರುದಿನ ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿ ಹುಡುಕಿ ತಾವೇ ಮಾಡಿಕೊಂಡರು, ಸೊಸೆಯ ಮೆಷಿನ್ ಪಕ್ಕದಲ್ಲೂ ಒಂದು ಲೋಟ ಇಟ್ಟರು. ಅದರ ಮರುದಿನ ಸಕ್ಕರೆ ಡಬ್ಬಿ ಮಾವನ ಕೈಗೆ ಸುಲಭವಾಗಿ ಸಿಗುವ ಜಾಗಕ್ಕೆ ಬಂದಿತ್ತು. ಯೂನಿಫಾರ್ಮ್ ಕೇಳಿಕೊಂಡು ಬಂದವರಿಗೆ ಬಾಗಿಲಲ್ಲೇ ಉತ್ತರ ಕೊಡುವುದೂ ಅವರ ಪಾಲಿಗೆ ಬಂತು. "ದಯವಿಟ್ಟು ಗಮನಿಸಿ, ನಿಮ್ಮ ಮಗಳ ಸ್ಕರ್ಟು ನಿಗದಿತ ಸಮಯಕ್ಕಿಂತ ಒಂದು ದಿನ ತಡವಾಗಿ ಹೊರಡಲಿದೆ." ಜಗಳಕ್ಕೆಂದು ಬಂದವರು ನಕ್ಕುಕೊಂಡು ವಾಪಸ್ಸು ಹೋಗುತ್ತಿದ್ದರು. ಮೆಷಿನ್ನಿನ ಸದ್ದು ಜೋರಾದ್ದರಿಂದ ಮಾವ ಹಾಡಿನ ಸದ್ದನ್ನೂ ಏರಿಸಬೇಕಾಯಿತು. ಸೊಸೆ ಒಳಗೆ ತಲೆ ಬಗ್ಗಿಸಿ ತುಳಿಯುತ್ತಲೇ ಇದ್ದಳು. ಇದನ್ನೆಲ್ಲ ಕಂಡರೂ ಇದರ ಅರ್ಥವೇನು ಎಂದು ಕೂತು ಯೋಚಿಸಲು ಅವಳಿಗೆ ಬಿಡುವೆಲ್ಲಿತ್ತು?

ತಿಂಗಳ ಕೊನೆಯ ದಿನ ಮಧ್ಯಾಹ್ನ ಹಾಲ್‌ನಲ್ಲಿ ಮಾವನ ಫೋನು ಹೊಡೆದುಕೊಂಡಿತು. ಅವಳ ಕಾಲು ತಾನಾಗಿ ನಿಂತಿತು.

"ಹಾಂ, ಹೇಳಯ್ಯ," ಎಂದರು ಮಾವ. "ಏನು, ರೂಮಿನ ವಿಷಯವಾ? ಒಂದು ನಿಮಿಷ ತಾಳು." ಆಮೇಲೆ ಮನೆಯೇ ಅದುರುವ ದನಿ. "ಏನಮ್ಮಾ! ಬಾ ಇಲ್ಲಿ! ಕೇಳಿಸ್ತಾ?"

ಆ ದನಿಯಲ್ಲಿ ಮಾವ ಅವಳನ್ನು ಕರೆದದ್ದೇ ಇಲ್ಲ. ಅವಳು ಕತ್ತರಿ ಹಿಡಿದುಕೊಂಡೇ ಓಡಿದಳು. ಊಟಕ್ಕೆ ಬಂದಿದ್ದ ಗಂಡನೂ ಕೈ ತೊಳೆಯದೆ ಎದ್ದುಬಂದ.

ಮಾವ ಆರಾಮಕುರ್ಚಿಯ ತಳಕ್ಕೆ ಜಾರಿಹೋಗಿದ್ದರು. ಬೆನ್ನು ಬಾಗಿತ್ತು, ತಲೆ ಕುರ್ಚಿಯ ಹಿಂಬದಿಯ ನಡುವಿಗೆ ಒರಗಿತ್ತು, ಕಾಲೆರಡೂ ಯೂನಿಫಾರ್ಮಿನ ಗಂಟಿನ ಮೇಲೆ. ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಮುಖ ಮಾತ್ರ ಕೆಂಡ.

"ಏನಿದು ಸ್ಟ್ಯಾಂಡು? ಹಾಡೆಲ್ಲ ತಲೆ ಮೇಲಿಂದ ಹಾರಿಹೋಗ್ತಿದೆ! ಒಂದು ವಾರದಿಂದ ನೋಡ್ತಿದ್ದೀನಿ, ಸರಿ ಹೋಗಬಹುದು, ಸರಿ ಹೋಗಬಹುದು ಅಂತ. ಯಾರ ಕಿವಿಗೆ ಅಳತೆ ತಗೊಂಡೆ ನೀನು? ಬಾಗಿಲಲ್ಲಿ ನಿಂತಿರೋ ಗಿರಾಕಿ ಕಿವಿಗಾ?"

ಸೊಸೆ ಕಕ್ಕಾಬಿಕ್ಕಿಯಾದಳು. "ನಿಮ್ಮ ಕಿವಿಗೇ ಮಾವ..."

"ಅಪ್ಪಾ, ನೀವು ಸ್ವಲ್ಪ ನೆಟ್ಟಗೆ ಕೂತ್ಕೊಳ್ಳಿ, ಸರಿ ಹೋಗುತ್ತೆ," ಎಂದ ಮಗ, ಬಹಳ ಬುದ್ಧಿವಂತನ ಹಾಗೆ.

"ಮನೇಲಿ ಯಾರಯ್ಯ ಹಾಗೆ ಕೂತ್ಕೋತಾರೆ?"

ಸೊಸೆ ಮಾವನ ಮುಖ ನೋಡಿದಳು. ಮಾವನಿಗೆ ತಾನು ಏನು ಹೇಳಿದೆ ಎನ್ನುವುದರ ಪರಿವೆಯೇ ಇರಲಿಲ್ಲ, ಅವರು ಇನ್ನೂ ಸ್ಟ್ಯಾಂಡನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದರು. ಅವಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇಷ್ಟು ದಿನ ಮಾವ ಹೇಳಿದ ಧನ್ಯವಾದಗಳನ್ನೆಲ್ಲ ಒಟ್ಟು ಸೇರಿಸಿದರೂ ಈ ಒಂದು ಬೈಗುಳದ ಸಮ ಬರುತ್ತಿರಲಿಲ್ಲ. ಕಣ್ಣು ತುಂಬಿದ್ದು ಕಾಣಬಾರದೆಂದು ಅವಳು ಕೊರಳಿನ ಟೇಪು ಹುಡುಕುವ ನೆಪ ಮಾಡಿದಳು.

"ತಪ್ಪು ನನ್ನದೇ ಮಾವ. ಇನ್ನೊಂದು ಸಲ ಅಳೀತೀನಿ. ಏಳಬೇಡಿ, ನೆಟ್ಟಗೂ ಆಗಬೇಡಿ. ಹೇಗಿದ್ದೀರೋ ಹಾಗೇ ಇರಿ."

"ಇರ್ತೀನಿ, ಇರ್ತೀನಿ. ಈ ಸಲವಾದ್ರೂ ಸರಿಯಾಗಿ ತಗೋ."

ಅವಳು ನೆಲಕ್ಕೆ ಮಂಡಿಯೂರಿ ಟೇಪಿನ ತುದಿ ನೆಲಕ್ಕೊತ್ತಿ ಇನ್ನೊಂದು ತುದಿಯನ್ನು ಮಾವನ ಕಿವಿಯವರೆಗೆ ಎಳೆದಳು. ಟೇಪು ಕೆನ್ನೆಗೆ ತಾಗಿದರೂ ಮಾವ ಸೆಟೆಯಲಿಲ್ಲ, ಉಸಿರನ್ನೂ ಹಿಡಿಯಲಿಲ್ಲ. ಇನ್ನೂ ಸ್ವಲ್ಪ ಕೆಳಕ್ಕೇ ಜಾರಿದರು. ಗೇಣುದ್ದ ವ್ಯತ್ಯಾಸ ಬಂತು. ಮರಳು ಹೊರಗೆ ಸುರಿಯಬೇಕು, ಗೇಣುದ್ದ ಕಬ್ಬಿಣ ಕೊಯ್ಯಬೇಕು, ಮತ್ತೆ ಮರಳು ತುಂಬಬೇಕು. ನಾಳೆಯಣ್ಣ ಬಾಯಿಗೆ ಬಂದಂತೆ ಬೈಯುವುದು ಖಂಡಿತ. ಬೈಯಲಿ ಎಂದುಕೊಂಡಳು, ಇವತ್ತು ಯಾರು ಬೈದರೂ ಅವಳಿಗೆ ಸಿಹಿಯೇ.

ಫೋನಿನೊಳಗಿಂದ ಗೆಳೆಯನ ದನಿ ಗೊಣಗುತ್ತಲೇ ಇತ್ತು. ಮಾವ ಅದನ್ನು ಎತ್ತಿ ಕಿವಿಗಿಟ್ಟುಕೊಂಡರು.

"ಎಂಥ ರೂಮು ಮಾರಾಯ, ಬೇರೆ ಯಾರಿಗಾದ್ರೂ ಕೊಟ್ಬಿಡು. ನನಗಿಲ್ಲಿ ಕೈತುಂಬ ಕೆಲಸ. ಫೋನಿಡು ಈಗ, ನನ್ನ ಸೊಸೆ ಅಳತೆ ತಗೋತಿದ್ದಾಳೆ."